ಕಚ್ಚು ಕಡಿದವನ ಕೂಲಿ

ಮಶೀನ ಹಚ್ಚಿ ಮಾಡಿದ ಕೆಲಸಕ್ಕೆ ಮನುಷ್ಯನಿಗೆ ಎಷ್ಟು ಕೊಡಬೇಕು? ಕೈಯಿಂದ ಎರಡು ದಿನ ಹಿಡಿಯುವ ಕೆಲಸ ಮಶೀನಿನಿಂದ ಅರ್ಧ ದಿನಕ್ಕೆ ಮುಗಿದರೆ ಕೂಲಿಯೂ ನಾಲ್ಕರಾಗ ಒಂದು ಪಾಲಿಗೆ ಇಳಿಯಬೇಕೋ, ಇಲ್ಲ ಮೊದಲಿನಷ್ಟೇ ಇರಬೇಕೋ? ಈ ಪ್ರಶ್ನೆ ನಮ್ಮ ವಾಚನಾಲಯದ ಕಟ್ಟಿ ಮ್ಯಾಲ ಎದ್ದಿತು. ಎದ್ದದ್ದು ಎರಡು ಕಪಾಟಿನ ಸಲುವಾಗಿ. ಆದರೆ ಇದು ಕಪಾಟಿಗಷ್ಟೇ ಸೇರಿದ ಮಾತಲ್ಲ. ಟ್ರ್ಯಾಕ್ಟರ್ ಇಟ್ಟವನಿಗೂ, ಹೊಲಿಗಿ ಮಶೀನ ತುಳಿಯುವ ಅಕ್ಕನಿಗೂ, ಮೈಕ್ ಮುಂದೆ ಕೂತು ಹಾಡುವ ನನ್ನಂಥವನಿಗೂ ಸೇರಿದ್ದು. ಅದಕ್ಕೆ ನಾಲ್ಕು ಮಾತು ಬರೀತೀನಿ. ನಾನು ಏಳನೇ ಇಯತ್ತೆ ಕಲಿತವ. ಹೊಲಾ ಮಾಡಾವ, ಭಜನಿ ಪದ ಹಾಡಾವ. ಬರಹದಾಗ ಹೆಚ್ಚುಕಮ್ಮಿ ಇದ್ದರೆ ಸಾಲಿ ಗುರುಗಳು ತಿದ್ದಿಕೊಂಡು ಓದಬೇಕು.

ನಮ್ಮ ವಾಚನಾಲಯದ ಪುಸ್ತಕಗಳು ಬಾಳ ವರ್ಷ ತಗಡಿನ ಟ್ರಂಕಿನಲ್ಲಿ ಇದ್ದವು. ಬೇಕಾದ ಪುಸ್ತಕ ಯಾವಾಗಲೂ ತಳದಾಗೇ ಇರುತ್ತಿತ್ತು. ಊರಾಗ ಪಟ್ಟಿ ಎತ್ತಿ ಎರಡು ಕಪಾಟು ಮಾಡಿಸೋಣ ಅಂತ ಠರಾವು ಆಯಿತು. ಪ್ಲಾಯ್‌ವುಡ್, ಅಂಟು, ಸ್ಕ್ರೂ ನಾವು ತಂದು ಕೊಡುವುದು. ಎರಡೂ ಕಪಾಟು ಮಾಡಿ ನಿಲ್ಲಿಸುವ ಕೂಲಿ 8,000 ರೂಪಾಯಿ. ಹೀಗೆ ನಮ್ಮೂರ ಬಡಿಗೇರ ಹುಡುಗನ ಸಂಗಟ ಮಾತಾಯಿತು. ಇವನ ಮುತ್ಯಾ ನಮ್ಮ ಮನಿತನಕ್ಕೆ ರಂಟಿ, ಕುಂಟಿ, ಕೂರಿಗಿ ಎಲ್ಲಾ ಮಾಡಿಕೊಟ್ಟವರು. ಹುಡುಗ ಪುಣೆಯಲ್ಲಿ ನಾಲ್ಕು ವರ್ಷ ಫರ್ನಿಚರ್ ಕೆಲಸ ಮಾಡಿ, ಊರಿಗೆ ಬರುವಾಗ ಒಂದು ರೌಟರ್ ಮಶೀನ ತಂದಿದ್ದ. ಒಂದು ಮುಂಜಾನೆ ವಾಚನಾಲಯದ ಅಂಗಳದಾಗ ಅದನ್ನು ಹಚ್ಚಿದವ, ಊಟದ ಹೊತ್ತಿಗೆ ನಾಲ್ಕು ನಿಲುವು ಹಲಗಿಗೆ ಐದೈದರಂತೆ 20 ಕಚ್ಚು ತೆಗೆದು ಮುಗಿಸಿದ.

ಅದನ್ನು ನೋಡಿದ ನಮ್ಮ ಪೈಕಿ ಒಬ್ಬರು ಅಂದರು: ‘ಇದನ್ನ ಇವನ ಮುತ್ಯಾ ಮಾಡಿದ್ರ ಎರಡು ದಿನ ಉಳಿ ಬಡೀತಿದ್ರು. ಇಂವಾ ಭರ್ರ್ ಅನಿಸಿ ಮುಗಿಸಿಬಿಟ್ಟ. ಬೆವರು ಸುದ್ದಾ ಬರಲಿಲ್ಲ. 8,000 ಯಾತಕ್ಕ? 5,000 ಕೊಟ್ರ ಬಾಳ ಆತು. ನಾವು ಬಡಿಗಗ ಕೊಡಾಕತ್ತೀವೋ, ಮಶೀನಿಗೆ ಕೊಡಾಕತ್ತೀವೋ?’

ಇವರು ಜಿಪುಣರಲ್ಲ. ಪಟ್ಟಿಯಾಗ ಎಲ್ಲರಿಗಿಂತ ಮೊದಲು ಕೊಟ್ಟವರು. ರೊಕ್ಕ ಊರಿನದು, ಕೂಲಿ ಮಾಡುವ ತಾಯಂದಿರು 20 ರೂಪಾಯಿ, 50 ರೂಪಾಯಿ ಕೊಟ್ಟದ್ದು; ಅದನ್ನು ನೋಡಿ ನೋಡಿ ಖರ್ಚು ಮಾಡಬೇಕು ಅನ್ನೂದು ಅವರ ಮಾತು. ಅದು ನ್ಯಾಯದ ಮಾತೇ. ಹಂಗಾಗಿ ಅವರ ಪ್ರಶ್ನೆಗೆ ಸಿಟ್ಟಿನಿಂದ ಅಲ್ಲ, ವಿಚಾರದಿಂದ ಉತ್ತರ ಹುಡುಕಬೇಕು.

ಮೊದಲು ಕಚ್ಚು ಅಂದರೇನು ಅನ್ನೂದು ಹೇಳತೀನಿ. ಕಪಾಟಿಗೆ ಎರಡು ಕಡೆ ನಿಲುವು ಹಲಗಿ, ನಡುವೆ ಪುಸ್ತಕ ಇಡುವ ಅಡ್ಡ ಹಲಗಿ. ಅಡ್ಡ ಹಲಗಿಯನ್ನು ಬರೇ ಮೊಳೆ ಹೊಡೆದು ನಿಲ್ಲಿಸಬಹುದು. ಆಗ ಭಾರ ಎಲ್ಲಾ ಮೊಳೆ ಮ್ಯಾಲ ಬೀಳತದ. ಪುಸ್ತಕ ಹಗುರ ಅಲ್ಲ. ಒಂದು ಫೂಟು ಉದ್ದಕ್ಕೆ ಸಾಲಾಗಿ ನಿಲ್ಲಿಸಿದ ಪುಸ್ತಕ ಸುಮಾರು 10 ಕಿಲೋ ತೂಗತಾವ. ಮೂರು ಫೂಟಿನ ಹಲಗಿ ಅಂದರೆ ಅದರ ಮ್ಯಾಲ 30 ಕಿಲೋ ಜೋಳ ವರ್ಷಗಟ್ಟಲೆ ಇಟ್ಟಂಗ. ಮೊಳೆ ನಿಧಾನಕ್ಕೆ ಜೋಲುತ್ತದೆ. ಅದಕ್ಕೆ ಬಲ್ಲ ಬಡಿಗ ನಿಲುವು ಹಲಗಿಯ ಮೈಯಲ್ಲಿ ಅಡ್ಡಲಾಗಿ, ಅಡ್ಡ ಹಲಗಿ ಎಷ್ಟು ದಪ್ಪವೋ ಅಷ್ಟೇ ಅಗಲದ ತಗ್ಗು ತೆಗೆದು, ಹಲಗಿಯ ಅಂಚನ್ನು ಅದರಾಗ ಕೂಡ್ರಸತಾನ. ನಾವು ಕಚ್ಚು ಅಂತೀವಿ, ಮರಾಠಿ ಮಂದಿ ಖಾಚ ಅಂತಾರ, ಪುಣೆಯಾಗ ಕಲಿತ ಹುಡುಗ ಡೇಡೋ ಜಾಯಿಂಟ್ ಅಂದ. ಹೆಸರು ಯಾವುದಾದರೂ ಭಾರ ಈಗ ಕಟ್ಟಿಗಿಯ ಮೆಟ್ಟಿಲ ಮ್ಯಾಲ ಕುಂತಿತು. ಅಂಟು, ಸ್ಕ್ರೂ ಅದು ಹೊರಗೆ ಜಾರದಂತೆ ಹಿಡಿಯುವುದಕ್ಕೆ ಮಾತ್ರ.

ಕಚ್ಚು ಆಳ ಇದ್ದಷ್ಟು ಗಟ್ಟಿ ಅಂತ ತಿಳೀಬಾರದು. 18 ಮಿಲಿಮೀಟರ್ ದಪ್ಪದ ಹಲಗಿಗೆ 6 ಮಿಲಿಮೀಟರ್ ಆಳ, ಅಂದರೆ ಮೂರರಾಗ ಒಂದು ಪಾಲು ಸಾಕು. ಅರ್ಧಕ್ಕಿಂತ ಹೆಚ್ಚು ಕಡಿದರೆ ನಿಲುವು ಹಲಗಿಯೇ ಸೊರಗುತ್ತದೆ. ಅಡ್ಡ ಹಲಗಿಗೆ ಜಾಗಾ ಕೊಡಾಕ ಹೋಗಿ ತಾನೇ ಮುರಿಯುವಂಗ ಆಗಬಾರದು.

ಹಳೇ ಕಾಲದಾಗ ಇದನ್ನು ಹೆಂಗ ಮಾಡತಿದ್ದರು? ಗುಣ್ಯಾ ಹಿಡಿದು ಎರಡು ಗೆರಿ ಹಾಕೂದು. ಎರಡೂ ಗೆರಿ ಮ್ಯಾಲ ಗರಗಸದಿಂದ ಬೇಕಾದಷ್ಟೇ ಆಳ ಕೊಯ್ಯೂದು. ನಡುವಿನ ಕಟ್ಟಿಗಿಯನ್ನು ಉಳಿ ಕೊಡತಿಯಿಂದ ಚೂರು ಚೂರೇ ಎಬ್ಬಿಸೂದು. ತಳ ಸಪಾಟ ಆಗುವ ತನಕ ಕೆತ್ತೂದು. ಕೈ ನೋಯತದ, ಬೆನ್ನು ನೋಯತದ. ಆ ಬೆವರು ಎಲ್ಲರಿಗೂ ಕಾಣುತ್ತಿತ್ತು.

ಈಗ ಹುಡುಗ ಮಾಡಿದ್ದನ್ನು ಕೇಳಿರಿ. ನಾನು ಆವತ್ತು ಬೇರೆ ಕೆಲಸ ಇಲ್ಲದ್ದಕ್ಕೆ ಮೊದಲಿಂದ ಕಡೀತನಕ ಕೂತು ನೋಡಿದೆ. ಮಶೀನ ಹಚ್ಚೂಕಿಂತ ಮೊದಲೇ ಒಂದೂವರೆ ತಾಸು ಹೋಯಿತು. ಮೊದಲು ಪ್ಲಾಯ್‌ವುಡ್ಡಿನ ದಪ್ಪ ಅಳೆದ. ಅಂಗಡಿಯವರು 18 ಮಿಲಿಮೀಟರ್ ಅಂತ ಮಾರಿದ್ದು, ಅಳೆದರೆ ಅಷ್ಟು ತುಂಬಲಿಲ್ಲ. ‘ಕಾಕಾ, ಹೆಸರಿನ ಅಳತಿ ನಂಬಿ 18ರ ಬಿಟ್ ಹಾಕಿದ್ರ ಹಲಗಿ ಕಚ್ಚಿನ್ಯಾಗ ಅಲ್ಲಾಡತದ’ ಅಂದ. ಅದಕ್ಕೆ 12 ಮಿಲಿಮೀಟರ್ ಬಿಟ್ ಹಾಕಿದ. ಅದೇ ಪ್ಲಾಯ್‌ವುಡ್ಡಿನ ಒಂದು ತುಂಡನ್ನು ನಡುವೆ ನಿಲ್ಲಿಸಿ, ಅದರ ಎರಡೂ ಮಗ್ಗಲಿಗೆ ನೆಟ್ಟನ್ನ ಪಟ್ಟಿ ಆನಿಸಿ ಬಿಗಿದ. ತುಂಡು ತೆಗೆದರೆ ನಡುವೆ ಉಳಿದ ಸಂದು ಆ ಹಲಗಿ ದಪ್ಪದಷ್ಟೇ. ಬಿಟ್ಟಿನ ಕೊರಳಿಗೆ ಒಂದು ಬೇರಿಂಗ್ ಇರತದ. ಅದು ಪಟ್ಟಿಗೆ ಆನಿಕೊಂಡು ಉರುಳತದ. ಹೋಗುವಾಗ ಎಡಗಡೆ ಪಟ್ಟಿ ಹಿಡಿದು ಹೋಗೂದು, ತಿರುಗಿ ಬರುವಾಗ ಇನ್ನೊಂದು ಪಟ್ಟಿ ಹಿಡಿದು ಬರೂದು. ಆಗ ಅದೂ ಎಡಕ್ಕೇ ಆಗತದ. ಬಿಟ್ ತಿರುಗುವ ದಿಕ್ಕಿನಿಂದ ಮಶೀನ ಎಡಕ್ಕೆ ಎಳೆಯುತ್ತದೆ. ಅಲ್ಲಿ ಆಸರ ಇದ್ದರೆ ಅದಕ್ಕೇ ಒತ್ತಿಕೊಂಡು ನೆಟ್ಟಗೆ ನಡೀತದ, ಇಲ್ಲದಿದ್ದರೆ ಗೆರಿ ಬಿಟ್ಟು ಓಡತದ.

ಆಮ್ಯಾಲ ಒಂದು ಕಪಾಟಿನ ಎರಡೂ ನಿಲುವು ಹಲಗಿಯನ್ನು ಮಗ್ಗಲಿಗೆ ಮಗ್ಗಲು ಕೂಡಿಸಿ ಬಿಗಿದ, ಎರಡರ ಮ್ಯಾಲೂ ಒಂದೇ ಸರತಿ ಅಡ್ಡಲಾಗಿ ಕಚ್ಚು ಬೀಳಲಿ ಅಂತ. ಬೇರೆ ಬೇರೆ ಕಡಿದರೆ ಎಡದ ಕಚ್ಚು ಒಂದು ಎತ್ತರ, ಬಲದ್ದು ಒಂದು ಎತ್ತರ ಆಗಿ ಹಲಗಿ ಓರೆ ಕೂಡತದ. ಕಚ್ಚು ಮುಗಿಯುವ ತುದಿಗೆ ಒಂದು ಬ್ಯಾಡಾದ ತುಂಡು ಕಟ್ಟಿದ, ಬಿಟ್ ಹೊರಬೀಳುವಾಗ ಅಂಚು ಸೀಳಬಾರದು ಅಂತ. ಮತ್ತೊಂದು ಬ್ಯಾಡಾದ ತುಂಡಿನ ಮ್ಯಾಲ ಒಂದು ಕಚ್ಚು ಕಡಿದು, ಹಲಗಿ ಕೂಡ್ರಿಸಿ ನೋಡಿದ. ಕೈಯಿಂದ ಒತ್ತಿದರೆ ಕೂಡಬೇಕು, ಸುತ್ತಿಗಿ ಬೇಕಾಗಬಾರದು, ಬಿಟ್ಟರೆ ತಾನಾಗಿ ಬೀಳಬಾರದು. ಇಷ್ಟು ಆದ ಮ್ಯಾಲ ಕಣ್ಣಿಗೆ ಚಷ್ಮಾ, ಮೂಗಿಗೆ ಬಟ್ಟಿ ಕಟ್ಟಿಕೊಂಡು ಮಶೀನ ಚಾಲೂ ಮಾಡಿದ. 6 ಮಿಲಿಮೀಟರ್ ಆಳವನ್ನೂ ಒಂದೇ ಏಟಿಗೆ ತೆಗೀಲಿಲ್ಲ. 3ರಂತೆ ಎರಡು ಸಲ ಇಳಿಸಿದ. ಒಮ್ಮೆಲೇ ಆಳಕ್ಕೆ ಹೋದರೆ ಬಿಟ್ ಕಾದು ಕಟ್ಟಿಗಿ ಸುಡತದ, ಮಶೀನ ಕೈಯಾಗ ಜಗ್ಗಾಡತದ.

ಈಗ ವಿಚಾರ ಮಾಡೋಣ. ಇದರಾಗ ಮಶೀನ ಮಾಡಿದ್ದು ಎಷ್ಟು, ಮನುಷ್ಯ ಮಾಡಿದ್ದು ಎಷ್ಟು? ಮಶೀನ ಮಾಡಿದ್ದು ತಿರುಗೂದು ಒಂದೇ. ಅದು ಒಂದು ಮಿನಿಟಿಗೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗತದ ಖರೆ. ಆದರೆ ಗೆರಿ ಎಲ್ಲಿ ಬೀಳಬೇಕು ಅನ್ನೂದು ಅದಕ್ಕೆ ಗೊತ್ತಿಲ್ಲ. ಪಟ್ಟಿಯನ್ನು ಎರಡು ಬೆರಳು ಆಚೆ ಬಿಗಿದಿದ್ದರೂ ಅಷ್ಟೇ ಚಂದ, ಅಷ್ಟೇ ನೆಟ್ಟಗ, ಅಷ್ಟೇ ನುಣುಪಾಗಿ ಕಡಿಯುತ್ತಿತ್ತು. ಉಳಿಯಿಂದ ಕೆತ್ತುವವ ತಪ್ಪು ಜಾಗಾದಾಗ ಸುರು ಮಾಡಿದರೆ ನಾಲ್ಕು ಏಟಿನಾಗ ಕೈ ತಡೀತದ, ಕಣ್ಣು ಹೇಳತದ, ನಿಲ್ಲತಾನ. ಮಶೀನಿನ ತಪ್ಪು ಗೊತ್ತಾಗೂದರಾಗ ಹಲಗಿ ಹೋಗಿರತದ. ಅಂದರೆ ಮಶೀನ ಬಂದ ಮ್ಯಾಲ ಮನುಷ್ಯನ ಎಚ್ಚರ ಕಡಿಮಿ ಆಗಲಿಲ್ಲ. ಅದು ಜಾಗಾ ಬದಲಿಸಿತು. ಮೊದಲು ಕಡಿಯುವ ಹೊತ್ತಿನಾಗ ಇದ್ದ ಎಚ್ಚರ ಈಗ ಕಡಿಯೂಕಿಂತ ಮೊದಲಿನ ಹೊತ್ತಿಗೆ ಹೋಯಿತು. ಆ ಹೊತ್ತಿನಾಗ ಸಪ್ಪಳ ಇಲ್ಲ, ಬೆವರಿಲ್ಲ. ದಾರಿ ಹಿಡಿದು ಹೋಗುವವರಿಗೆ ‘ಹುಡುಗ ಸುಮ್ಮನ ಕುಂತಾನ’ ಅಂತ ಕಾಣತದ.

ಹಾಡಿನಾಗೂ ಇದೇ ಅದ. ಕಡಕೋಳ ಮಡಿವಾಳಪ್ಪನವರ ಪದ, ಶಿಶುನಾಳ ಶರೀಫರ ಪದ ಹಾಡುವಾಗ ಮೊದಲು ಏಕತಾರಿ, ತಾಳ, ಕೊರಳು ಇಷ್ಟೇ ಇದ್ದವು. ದೂರ ಕುಂತವರಿಗೆ ಕೇಳಲಿ ಅಂತ ಗಂಟಲು ಹರಿಯುವಂಗ ಹಾಡತಿದ್ದೆವು. ಈಗ ಮೈಕ್ ಬಂದದ. ‘ನಿಮಗೇನ್ರಿ, ಮೈಕೇ ಹಾಡತದ’ ಅಂತ ಚೇಷ್ಟಿ ಮಾಡುವವರು ಅದಾರ. ಮೈಕ್ ದನಿ ದೊಡ್ಡದು ಮಾಡತದ, ಸುಳ್ಳಲ್ಲ. ಆದರೆ ಬೆಸೂರನ್ನೂ ಅಷ್ಟೇ ದೊಡ್ಡದು ಮಾಡತದ. ತಂತಿ ಸರಿ ಹಚ್ಚದೆ ಹಾಡಿದರೆ ಮೊದಲು ಮುಂದಿನ ಎರಡು ಸಾಲಿನವರಿಗೆ ಗೊತ್ತಾಗತಿತ್ತು, ಈಗ ಊರಿಗೆಲ್ಲಾ ಗೊತ್ತಾಗತದ. ಹಂಗಾಗಿ ಶ್ರುತಿ ಕೂಡಿಸುವ ಐದು ಮಿನಿಟು ಈಗ ಮೊದಲಿಗಿಂತ ದೊಡ್ಡದು.

ಹೊಲಕ್ಕೆ ಬರ್ರಿ. ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದಾಗ ಮಳಿ ಕಡಿಮಿ, ಹಿಂಗಾರಿ ಜೋಳವೇ ಗತಿ. ಟ್ರ್ಯಾಕ್ಟರಿನ ಕೂರಿಗಿ ಒಂದು ತಾಸಿನಾಗ ಎತ್ತಿನ ಕೂರಿಗಿಗಿಂತ ಎಷ್ಟೋ ಪಾಲು ಬಿತ್ತತದ. ಆದರೆ ಹಸಿ ಎಷ್ಟು ಕೆಳಗದ, ಬೀಜ ಎಷ್ಟು ಆಳಕ್ಕೆ ಬಿಡಬೇಕು, ಇವತ್ತು ಬಿತ್ತಬೇಕೋ ಇನ್ನೆರಡು ದಿನ ತಡೀಬೇಕೋ ಅನ್ನೂದನ್ನು ಟ್ರ್ಯಾಕ್ಟರ್ ಹೇಳೂದಿಲ್ಲ. ಇಳುಕಲಿಗೆ ಅಡ್ಡ ಬಿತ್ತಿದರೆ ಸಾಲು ನೀರು ಹಿಡೀತದ, ಇಳುಕಲಿಗುಂಟ ಬಿತ್ತಿದರೆ ಅದೇ ಸಾಲು ನೀರನ್ನೂ ಮಣ್ಣನ್ನೂ ಕೆಳಗೆ ಒಯ್ಯತದ. ಟ್ರ್ಯಾಕ್ಟರಿಗೆ ಎರಡೂ ಒಂದೇ, ಡೀಸೆಲ್ ಅಷ್ಟೇ ಕುಡೀತದ. ಒಯ್ದು ತಿರುಗಿಸುವವನ ತಲಿಯಾಗ ಬೆಳಿ ಅದ.

ಕೂಲಿಯನ್ನು ಬೆವರಿನಿಂದ ಅಳೆಯುವುದು ಎಲ್ಲಾ ಕಡೆ ತಪ್ಪು ಅಂತ ನಾನು ಹೇಳೂದಿಲ್ಲ. 1972ರ ಬರದಾಗ ಸರಕಾರಿ ಕಾಮಗಾರಿ ಮ್ಯಾಲ ನಮ್ಮ ಕಡೆ ಮಂದಿ ಖಡಿ ಒಡೆದರು. ಅಲ್ಲಿ ಒಡೆದ ಖಡಿಯ ಗುಂಪಿ ಅಳೆದು ರೊಕ್ಕ ಕೊಡತಿದ್ದರು. ಕಲ್ಲು ಒಡೆಯುವಲ್ಲಿ ಗುಂಪಿ ಅಳೆಯೂದು ಸರಿ. ಆದರೆ ಆ ಅಳತಿಯನ್ನೇ ತಂದು ಕಚ್ಚಿಗೆ ಹಚ್ಚಿದರೆ ತೆಗೆದ ಹೊಟ್ಟು ಅಳೆದು ಬಡಿಗನಿಗೆ ಕೊಟ್ಟಂಗ ಆಗತದ. ಕಚ್ಚಿನ ಬೆಲಿ ಇರೂದು ತೆಗೆದ ಹೊಟ್ಟಿನಾಗ ಅಲ್ಲ, ಉಳಿದ ಮೆಟ್ಟಿಲಿನಾಗ.

ಇನ್ನೂ ಹಿಂದಿನ ಪದ್ಧತಿ ಆಯದ್ದು. ಬಡಿಗ, ಕಂಬಾರ, ಕುಂಬಾರ ವರ್ಷಪೂರ್ತಿ ಕೆಲಸ ಮಾಡೂದು, ರಾಶಿ ಮಾಡಿದಾಗ ಕಣದಾಗ ಪಾಲು ತಗೊಳ್ಳೂದು. ಮರಾಠಿಯಾಗ ಬಲುತೆ ಅಂತಾರ. ತಾಸು ಎಣಿಸುವ ಲೆಕ್ಕ ಅಲ್ಲಿರಲಿಲ್ಲ, ಅದೊಂದು ಛಲೋ. ಆದರೆ ಬರಗಾಲ ಬಿದ್ದರೆ ಅವರ ಪಾಲೂ ಒಣಗುತ್ತಿತ್ತು. ‘ನನಗ ಒಲ್ಲೆ’ ಅನ್ನುವ ಅಧಿಕಾರ ಅವರಿಗಿರಲಿಲ್ಲ. ಹುಟ್ಟಿದ ಜಾತಿಯೇ ಕೆಲಸ ಠರಾಯಿಸುತ್ತಿತ್ತು. ಅದು ತಿರುಗಿ ಬರಬೇಕು ಅಂತ ಯಾರೂ ಅನ್ನಬಾರದು. ಈಗ ನಮ್ಮ ಹುಡುಗ ಬಾಯಿ ಬಿಟ್ಟು ಇಷ್ಟು ಕೊಡಿ ಅಂತಾನ, ನಾವು ಆಗಲಿ ಅಂತೀವಿ. ಇಬ್ಬರೂ ಸರಿಸಮ ನಿಂತು ಆಡಿದ ಮಾತದು. ಆ ಮಾತು ಕಪಾಟಿನ ಸಲುವಾಗಿ ಆಗಿತ್ತು, ತಾಸಿನ ಸಲುವಾಗಿ ಅಲ್ಲ.

ಕಾಯಕದ ವಿಚಾರದಾಗ ನಮ್ಮ ಶರಣರು ದೊಡ್ಡ ದಾರಿ ತೋರಿಸ್ಯಾರ. ಬಾಚಿ ಕಾಯಕದ ಬಸವಯ್ಯ ಅನ್ನುವ ಬಡಿಗ ಶರಣ ವಚನ ಬರೆದಾರ. ಬಾಚಿ ಹಿಡಿದ ಕೈಯೂ ವಚನ ಬರೆಯುವ ಕೈಯೂ ಒಂದೇ ಆಗಿತ್ತು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕತಿ ಎಲ್ಲರಿಗೂ ಗೊತ್ತು. ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಮನಿ ಒಳಗೆ ತಗೊಳ್ಳಲಿಲ್ಲ, ಹೆಚ್ಚಿನದನ್ನು ತಿರುಗಿ ಸುರಿದು ಬಾ ಅಂದಳು. ಈ ಕತಿ ಹೇಳಿ ಕೆಲವರು ದುಡಿಯುವವನ ಬಾಯಿ ಮುಚ್ಚಸತಾರ: ‘ನೋಡು, ಹೆಚ್ಚಿಗೆ ಆಸೆ ಮಾಡಬ್ಯಾಡ.’ ಆದರೆ ಲಕ್ಕಮ್ಮ ತೂಗಿದ್ದು ತನ್ನ ಮನಿಗೆ ಬಂದ ಅಕ್ಕಿಯನ್ನು. ಇನ್ನೊಬ್ಬರ ಜೋಳಿಗಿ ಹಿಡಿದು ‘ನಿನಗ ಹೆಚ್ಚಾತು, ಇಲ್ಲಿ ಕೊಡು’ ಅನ್ನಲಿಲ್ಲ. ಕೊಡುವ ಜಾಗಾದಾಗ ನಿಂತವರು ಈ ಕತಿಯಿಂದ ಕಲಿಯುವುದು ಬೇರೆ: ನಮ್ಮ ಕೈಯಾಗ ಇನ್ನೊಬ್ಬರ ಪಾಲು ಉಳೀತೋ ಹೆಂಗ ಅಂತ ನೋಡಿಕೊಳ್ಳುವುದು.

ಹಂಗಾದರೆ ಮಶೀನಿನಿಂದ ಉಳಿದ ಒಂದೂವರೆ ದಿನದ ಲಾಭ ಪೂರಾ ಬಡಿಗನದೇ ಏನು? ಇಲ್ಲಿ ನಾನು ಪೂರಾ ಅವನ ಕಡೆ ನಿಲ್ಲೂದಿಲ್ಲ. ಅವನ ಖರ್ಚು ಮೊದಲು ನೋಡೋಣ. ಮಶೀನಿಗೆ ರೊಕ್ಕ ಹಾಕ್ಯಾನ, ಪ್ಲಾಯ್‌ವುಡ್ಡಿನ ಅಂಟಿಗೆ ಬಿಟ್ ಬೇಗ ಮೊಂಡ ಆಗತದ, ಹೊಸದು ತರಬೇಕು. ಎದಿಯಾಗ ಹೋಗುವ ಸಣ್ಣ ಧೂಳು ಬೆವರಿನಂಗ ಹೊರಗೆ ಕಾಣೂದಿಲ್ಲ, ಆದರೆ ದೇಹ ತೆರುವ ತೆರಿಗಿ ಅದೂ ಹೌದು. ಇಷ್ಟೆಲ್ಲಾ ಕಳೆದ ಮ್ಯಾಲೂ ಏನಾದರೂ ಉಳಿದರೆ ಮುಂದಿನ ಗಿರಾಕಿಗೆ ಸ್ವಲ್ಪ ಸೋವಿ ಮಾಡಿಕೊಡುವುದು ಅವನಿಗೂ ಶೋಭಾ. ಬಡವರು ಸಾಲಿ ಮಕ್ಕಳಿಗೆ ಒಂದು ಮೇಜು ಮಾಡಿಸುವಂಗ ಆಗಬೇಕು. ಆದರೆ ಅದನ್ನು ಮಾತಾಡುವುದು ಕೆಲಸಕ್ಕಿಂತ ಮೊದಲು. ಹಲಗಿ ಅಳೆಯದೆ ಮಶೀನ ಹಚ್ಚೂದು ಎಷ್ಟು ತಪ್ಪೋ, ಕೆಲಸ ಮುಗಿದ ಮ್ಯಾಲ ಕೂಲಿಗೆ ಹೊಸ ಅಳತಿ ಹಚ್ಚೂದು ಅಷ್ಟೇ ತಪ್ಪು. ಕಡಿಯುವವನ ಪ್ರಾಮಾಣಿಕತನ ಕಡಿಯೂಕಿಂತ ಮೊದಲು ಇರತದ ಅಂದೆನಲ್ಲ, ಕೊಡುವವನದೂ ಹಂಗೇ.

ಈ ಮಾತನ್ನು ನಾನು ಸಭೆಯಾಗ ಹೇಳಿದೆ. ಹುಡುಗನೂ ಒಂದು ಮಾತು ಅಂದ: ‘ಕಾಕಾ, ಹಲಗಿ ಹತ್ತು ವರ್ಷದಾಗ ಬಗ್ಗಿ ಕಚ್ಚು ಬಿಟ್ರ ಮಶೀನ ಮಾಡ್ತು ಅಂತ ಯಾರೂ ಅನ್ನೂದಿಲ್ಲ. ನನ್ನ ಹೆಸರೇ ಹೇಳತಾರ.’ ಇದರ ಮುಂದೆ ನನ್ನ ಮಾತು ಸಣ್ಣದು. ಯಾರ ಹೆಸರಿಗೆ ಬೈಗುಳ ಬರತದೋ ಅವರ ಹೆಸರಿಗೇ ಕೂಲಿ ಬರಬೇಕು. ಕಡೀಕ ಮಾತಾಡಿದ 8,000 ಕೊಟ್ಟೆವು. ಎಲ್ಲರ ಮನಸ್ಸಿಗೂ ಬಂತು ಅಂತ ಹೇಳೂದಿಲ್ಲ.

ಇನ್ನೊಂದು ಮಾತು ಉಳೀತು. ಅದಕ್ಕೆ ನನ್ನ ಹತ್ತಿರ ಪೂರಾ ಉತ್ತರ ಇಲ್ಲ. ಹುಡುಗನ ಮುತ್ಯಾನ ಕೈಕೆಳಗೆ ಉಳಿ ಹಿಡಿಯುತ್ತಿದ್ದ ಒಬ್ಬರು ಇನ್ನೂ ಅದಾರ. ಆವತ್ತು ಅವರೂ ಕಟ್ಟಿ ಮ್ಯಾಲ ಕುಂತು ನೋಡತಿದ್ದರು. 20 ಕಚ್ಚು ಅಂದರೆ ಮೊದಲು ಅವರ ಎರಡು ದಿನದ ರೊಟ್ಟಿ. ಮಶೀನ ಉಳಿಸಿದ ಒಂದೂವರೆ ದಿನ ನಮ್ಮದೋ ಹುಡುಗನದೋ ಅಂತ ನಾವು ಜಗಳ ಆಡಿದೆವು. ಮೊದಲು ಯಾರದಾಗಿದ್ದವು ಅಂತ ಒಬ್ಬರೂ ಕೇಳಲಿಲ್ಲ. ಹುಡುಗ ಅವರನ್ನು ಜೋಡಿಸುವ ಕೆಲಸಕ್ಕೆ ಕರೆದ, ಕಾಟಕೋನ ಸರಿ ಅದನೋ ಇಲ್ಲೋ ನೋಡಾಕ ಅವರ ಕಣ್ಣೇ ಬೇಕು ಅಂದ. ಅದು ಛಲೋ ಆಯಿತು. ಎಲ್ಲಾ ಊರಾಗ, ಎಲ್ಲಾ ಕೆಲಸದಾಗ ಹಿಂಗ ಕರೆಯುವವರು ಇರೂದಿಲ್ಲ. ಮಶೀನ ತರುವವರು, ತರಿಸುವವರು, ಅದರಿಂದ ಸೋವಿ ಪಡೆಯುವವರು, ಈ ಮೂವರೂ ಉಳಿ ಕೆಳಗಿಟ್ಟವರಿಗೆ ಗೆರಿ ಹಾಕುವ ಕೆಲಸವೋ, ಪಾರಖ ಮಾಡುವ ಕೆಲಸವೋ, ಕಲಿಸುವ ಕೆಲಸವೋ ಯಾವುದಾದರೊಂದು ಹುಡುಕಿ ಕೊಡಬೇಕು. ಕಟ್ಟಿಗಿಯಾಗ ಒಂದು ಹಲಗಿ ಕೂಡ್ರಸಾಕ ಎಷ್ಟು ಅಳತಿ ನೋಡತೀವೋ, ಊರಾಗ ಒಬ್ಬ ಮನುಷ್ಯನ್ನ ಕೂಡ್ರಸಾಕ ಅದರ ಅರ್ಧ ಅಳತಿಯಾದರೂ ನೋಡಬೇಕು.